ಹಳೇ ಸ್ಕ್ಯಾನಿಗೆ ಜಾಗ

ಏನು ಕೆಲಸ ಮಾಡುತ್ತೀಯೆಂದು ನಮ್ಮೂರು ಹೊಂಗನೂರಿನಲ್ಲಿ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಆಸ್ಪತ್ರೆಯಲ್ಲಿ ಜಾಗ ನೋಡಿಕೊಳ್ಳುತ್ತೇನೆ. ಹಾಸಿಗೆ ಕೊಡಿಸುವವಳು ಎಂದು ತಿಳಿದು ಎಷ್ಟೋ ಜನ ಫೋನ್ ಮಾಡುತ್ತಾರೆ. ನಾನು ನೋಡಿಕೊಳ್ಳುವುದು ಕಂಪ್ಯೂಟರಿನ ಜಾಗ. ರಾಮನಗರದ ನಮ್ಮ ಆಸ್ಪತ್ರೆ, ಕನಕಪುರ ಮತ್ತು ಮಾಗಡಿಯಲ್ಲಿರುವ ಅದರ ಶಾಖೆಗಳು, ಎಲ್ಲ ಕಡೆ ತೆಗೆದ ಸ್ಕ್ಯಾನು, ಎಕ್ಸ್‌ರೇಗಳು ಬಂದು ಸೇರುವುದು ನೆಲಮಾಳಿಗೆಯ ಒಂದು ತಣ್ಣನೆಯ ಕೋಣೆಯಲ್ಲಿರುವ ಡಿಸ್ಕುಗಳಿಗೆ. ಅವು ಎಷ್ಟು ತುಂಬಿವೆ, ಹೀಗೇ ಹೋದರೆ ಯಾವಾಗ ಭರ್ತಿಯಾಗುತ್ತವೆ ಎಂದು ಮುಂಚಿತವಾಗಿ ಹೇಳುವುದಕ್ಕೆ ನನಗೆ ಸಂಬಳ.

ಹೇಳಿದ್ದೆ. ಹೇಳೀ ಹೇಳೀ ಬಾಯಿ ನೋವು ಬಂದಿತ್ತು. ಹೊಸ ಸ್ಕ್ಯಾನ್ ಯಂತ್ರಕ್ಕೆ ಪೂಜೆ ಮಾಡಿದ ದಿನವೇ ಆಡಳಿತಾಧಿಕಾರಿಗಳ ಹತ್ತಿರ ಹೋಗಿ, ಇದು ಹಳೆಯದರ ಹಾಗಲ್ಲ ಸರ್, ಒಬ್ಬೊಬ್ಬರಿಗೂ ರಾಶಿ ಚಿತ್ರ ತೆಗೆಯುತ್ತದೆ, ಡಿಸ್ಕು ಸಾಲುವುದಿಲ್ಲ ಎಂದಿದ್ದೆ. ಅವರು ಪ್ರಸಾದ ತಿನ್ನುತ್ತಾ, "ಸದ್ಯಕ್ಕೆ ಹೆಂಗೋ ಅಡ್ಜಸ್ಟ್ ಮಾಡ್ಕೊಳಮ್ಮ" ಎಂದರು. ಆಮೇಲೆ ಕೇಳಿದಾಗಲೆಲ್ಲ ಅದೇ ಉತ್ತರ. ಅಡ್ಜಸ್ಟ್ ಮಾಡಿಕೊಳ್ಳಲು ಅದೇನು ಬಸ್ಸಿನ ಸೀಟೇ? ಬ್ಯಾಕಪ್ಪಿಗೆಂದು, ಅಂದರೆ ಎಲ್ಲದರ ಇನ್ನೊಂದು ಪ್ರತಿಗೆಂದು, ಬೇರೆ ಇಟ್ಟಿದ್ದ ಡಿಸ್ಕುಗಳಿಗೂ ಹೊಸ ಸ್ಕ್ಯಾನುಗಳನ್ನೇ ತುಂಬಿಸಿ ದಿನ ದೂಡುತ್ತಿದ್ದೆವು.

ಆ ಸೋಮವಾರ ಬೆಳಿಗ್ಗೆ ಚನ್ನಪಟ್ಟಣದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಡಿಸ್ಕು ಶೇಕಡ ತೊಂಬತ್ತೇಳು ತುಂಬಿದೆ ಎಂದು ಫೋನಿಗೆ ಎಚ್ಚರಿಕೆ ಬಂತು. ಪೂರ್ತಿ ತುಂಬಿದರೆ ಚಿತ್ರ ಇಡಲು ಎಡೆಯಿಲ್ಲದೆ ಸ್ಕ್ಯಾನೇ ನಿಂತುಹೋಗುತ್ತದೆ. ನಮ್ಮದು ಹೆದ್ದಾರಿ ಪಕ್ಕದ ಆಸ್ಪತ್ರೆ, ಅಪಘಾತದವರು ಬಾರದ ದಿನವಿಲ್ಲ. ನೆಲಮಾಳಿಗೆಯ ಕೋಣೆಯಲ್ಲಿದ್ದ ಎಂಜಿನಿಯರಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯವನು, ಈಚೆಗೆ ಸೇರಿದ್ದ. ಯಾವ ಯಾವುದು ಬೇಡ, ಯಾವುದನ್ನು ಅಳಿಸಬಹುದು ಎಂದು ಅವನು ಒಂದೊಂದೇ ಫೋಲ್ಡರ್ ಓದಿ ಕೇಳಿದ.

"ಟೆಸ್ಟ್ ಫೈಲ್ ಅದಾವ್ರಿ ಮೇಡಂ."

"ಬ್ಯಾಡ."

"ಎರಡೆರಡು ಸಲ ಕಾಪಿ ಆದ ಎಕ್ಸ್‌ರೇ?"

"ಅವೂ ಬ್ಯಾಡ."

"ಹಳೇ ಸ್ಕ್ಯಾನ್ ಅಂತ ಒಂದು ದೊಡ್ಡದು ಐತ್ರಿ."

"ಅಯ್ಯೋ, ಅದನ್ನ ಬುಟ್ಬುಡಿ."

ಬಸ್ಸಿನ ಗಲಾಟೆಯಲ್ಲಿ ಮುಂದಿನದು ಕೇಳಿಸಲಿಲ್ಲ. ಸರಿ ಎಂದಿರಬೇಕು ಎಂದುಕೊಂಡು ಫೋನ್ ಇಟ್ಟೆ.

ಆಸ್ಪತ್ರೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ಶ್ವಾಸಕೋಶದ ಡಾಕ್ಟರಮ್ಮನಿಂದ ಕರೆ ಬಂತು. ಒಬ್ಬರ ಹಳೇ ಸ್ಕ್ಯಾನ್ ತೆರೆಯುತ್ತಿಲ್ಲ, ಬೇಗ ಬೇಕು. ಆ ರೋಗಿ ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಮನೆಯ ಹೆಂಗಸು. ಹೊಸ ಸ್ಕ್ಯಾನಿನಲ್ಲಿ ಅವರ ಶ್ವಾಸಕೋಶದಲ್ಲಿ ಒಂದು ಚಿಕ್ಕ ಗಂಟು ಕಂಡಿದೆ. ಎರಡು ವರ್ಷದ ಹಿಂದೆ ಕೆಮ್ಮಿಗೆಂದು ಬಂದಾಗ ತೆಗೆದ ಸ್ಕ್ಯಾನಿನಲ್ಲೂ ಅದು ಅಷ್ಟೇ ಇದ್ದರೆ ಯಾವುದೋ ಹಳೆಯ ಕಲೆ, ಹೆದರಬೇಕಿಲ್ಲ. ಆಗ ಇಲ್ಲದಿದ್ದರೆ ಕ್ಯಾನ್ಸರ್ ಇರಬಹುದು, ಆಪರೇಷನ್.

"ಹಳೇ ರಿಪೋರ್ಟಲ್ಲಿ ಅದರ ಮಾತೇ ಇಲ್ಲ. ಅಷ್ಟು ಚಿಕ್ಕದು ಕಣ್ಣು ತಪ್ಪಿದ್ರೂ ತಪ್ಪಿರಬಹುದು. ನಾನು ಚಿತ್ರನೇ ನೋಡಬೇಕು" ಎಂದರು ಡಾಕ್ಟರಮ್ಮ. "ಸಿಗದೇ ಹೋದ್ರೆ ಮೂರು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡೋದು, ಬೇರೆ ದಾರಿ ಇಲ್ಲ."

ಆ ಹೆಂಗಸು ಮಗಳ ಜೊತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿಗಳು ಬೆಳ್ಳಗಾಗಿದ್ದವು. ನನ್ನ ಕುತ್ತಿಗೆಯ ಕಾರ್ಡು ನೋಡಿ ಎದ್ದು ನಿಂತರು.

"ನನ್ನ ಹಳೇ ಫೋಟೋ ನಿಮ್ಮ ಹತ್ರ ಐತಂತಲ್ಲ ಬೇಟಿ. ಅದೊಂದು ಸಿಕ್ಕಿಬಿಟ್ರೆ ಆಪರೇಷನ್ ಇರಲ್ಲ ಅಂತ."

ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ಅವರು ಕೇಳಿಸಿಕೊಂಡಿದ್ದರು. ತಿದ್ದುವ ಕೆಲಸ ನನ್ನದಲ್ಲ ಎಂದುಕೊಂಡೆ. ಆ ಮುಖ ನೋಡಿ ನನಗೂ ಹಾಗೇ ಆಗಲಿ ಅನ್ನಿಸಿತು. ತರ್ತೀನಿ ಕೂತ್ಕೊಳಿ ಅಮ್ಮ ಎಂದು ಕೆಳಗಿಳಿದೆ.

ಹಳೇ ಸ್ಕ್ಯಾನಿನ ಫೋಲ್ಡರೇ ಇರಲಿಲ್ಲ.

"ಎಲ್ರೀ ಅದು?"

"ತಗದೆನಲ್ರೀ ಮೇಡಂ. ನೀವ ಹೇಳೀರಿ, ಬಿಟ್ಟಬಿಡ್ರಿ ಅಂತ."

"ಬುಟ್ಬುಡಿ ಅಂದ್ರೆ ಮುಟ್ಬೇಡಿ ಅಂತ ಕಣ್ರೀ."

"ಮೊದಲನೇದ್ದು ಬ್ಯಾಡ ಅಂದ್ರಿ, ತಗದೆ. ಎರಡನೇದ್ದೂ ಬ್ಯಾಡ ಅಂದ್ರಿ, ತಗದೆ. ಆಮ್ಯಾಲೆ ಇದನ್ನ ಬಿಟ್ಟಬಿಡ್ರಿ ಅಂದ್ರಿ. ಬ್ಯಾಡಾದದ್ದನ್ನ ಅಲ್ಲೇನ್ರಿ ಬಿಡೂದು?"

ಬಾಯಿಗೆ ಬಂದಂತೆ ಬೈದೆ. ಅವನ ಮಾತಿನಲ್ಲಿ ನ್ಯಾಯವಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಬೈಯುತ್ತಲೇ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ, ಯಾಕೆಂದರೆ ಇನ್ನೂ ಒಂದು ಆಸೆ ಉಳಿದಿತ್ತು. ನಮ್ಮ ಡಿಸ್ಕುಗಳು ಅಳಿಸಿದ್ದನ್ನು ಕೂಡಲೇ ಕಳೆದುಕೊಳ್ಳುವುದಿಲ್ಲ. ಪ್ರತಿದಿನ ನಸುಕಿನಲ್ಲಿ ಎಲ್ಲ ಹೇಗಿತ್ತೋ ಹಾಗೆ ಹಿಡಿದಿಟ್ಟುಕೊಂಡಿರುತ್ತವೆ. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತೇವೆ. ಹಳೇ ಸ್ಕ್ಯಾನುಗಳು ಅದರೊಳಗೆ ಕಣ್ಣಿಗೆ ಕಾಣದೆ ಇನ್ನೂ ಕೂತಿದ್ದವು. ಹಾಗಾಗಿಯೇ ಅಷ್ಟೆಲ್ಲ ಅಳಿಸಿಯೂ ಜಾಗ ತೆರವಾಗಿರಲಿಲ್ಲ. ತೊಂಬತ್ತೇಳು ಇದ್ದದ್ದು ತೊಂಬತ್ತೆಂಟಾಗಿತ್ತು.

ಜಾಗ ಇನ್ನೇನು ಮುಗಿಯಿತು ಅನ್ನುವಾಗ ಡಿಸ್ಕು ತಾನೇ ಆ ಸ್ನ್ಯಾಪ್‌ಶಾಟನ್ನು ಎಸೆದು ಹೊಸ ಚಿತ್ರಗಳಿಗೆ ಎಡೆ ಮಾಡಿಕೊಡುತ್ತದೆ. ಹಾಗೆ ಎಸೆದರೆ ಆ ಹೆಂಗಸಿನದಷ್ಟೇ ಅಲ್ಲ, ಎಲ್ಲರ ಹಳೇ ಸ್ಕ್ಯಾನೂ ಹೋದ ಹಾಗೆಯೇ. ಆ ಹೆಂಗಸಿನ ರೋಗಿ ನಂಬರ್ ಹಾಕಿ ಸ್ನ್ಯಾಪ್‌ಶಾಟಿನೊಳಗೆ ಹುಡುಕಲು ಬಿಟ್ಟೆವು. ತುಂಬಿ ಬಿರಿಯುತ್ತಿದ್ದ ಡಿಸ್ಕು ತೆವಳುತ್ತಾ ಹುಡುಕುತ್ತಿತ್ತು.

ಆಗಲೇ ಬೈಕಿನಿಂದ ಬಿದ್ದ ಇಬ್ಬರನ್ನು ಕರೆತಂದರು. ಮೊದಲನೆಯವನ ತಲೆಯ ಸ್ಕ್ಯಾನ್ ಶುರುವಾಯಿತು. ಪರದೆಯ ಮೇಲೆ ತೊಂಬತ್ತೊಂಬತ್ತು ಬಂತು.

"ಎರಡನೇದವನ್ನ ಒಂದು ಸ್ವಲ್ಪ ನಿಲ್ಲಸ್ರಿ ಅನ್ನೂಣೇನ್ರಿ?"

"ತಲೆ ಒಡ್ಕೊಂಡು ಬಂದೋನಿಗೆ ಜಾಗ ಇಲ್ಲ, ಕಾಯಪ್ಪ ಅಂತ ನೀವು ಹೋಗಿ ಹೇಳ್ತೀರಾ?"

ಉಳಿದಿದ್ದ ದಾರಿ ಒಂದೇ: ಆಸ್ಪತ್ರೆಯ ಕ್ಯಾಮೆರಾಗಳ ರೆಕಾರ್ಡಿಂಗು. ಅದೂ ಇದೇ ಡಿಸ್ಕುಗಳಲ್ಲಿತ್ತು, ಆದರೆ ಅದಕ್ಕೆ ಸ್ನ್ಯಾಪ್‌ಶಾಟ್ ಇರಲಿಲ್ಲ. ಅಳಿಸಿದ ಕೂಡಲೇ ಜಾಗ ತೆರವಾಗುತ್ತದೆ. ಆಡಳಿತಾಧಿಕಾರಿಗಳಿಗೆ ಫೋನ್ ಮಾಡಿದೆ.

"ಅದನ್ನ ಮುಟ್ಟಂಗಿಲ್ಲಮ್ಮ, ರೂಲ್ಸ್ ಐತೆ. ನಾಳೆ ಮೀಟಿಂಗಲ್ಲಿ ನೋಡಾನ."

"ನಾಳೆ ನೋಡಕ್ಕೆ ಇಲ್ಲೇನೂ ಉಳಿದಿರಲ್ಲ ಸರ್."

"ಒಸಿ ಹೊತ್ತು ಅಡ್ಜಸ್ಟ್..."

ಮಾತು ಮುಗಿಯುವ ಮೊದಲೇ ಫೋನ್ ಕಟ್ ಮಾಡಿದೆ. ಕೆಲಸ ಹೋದರೆ ಹೋಗಲಿ, ಪಾರ್ಕಿಂಗ್ ಜಾಗದಲ್ಲಿ ನಿಂತ ಸ್ಕೂಟರುಗಳನ್ನು ಕಾಪಾಡಿ ಜನರ ಎದೆಗೂಡಿನ ಚಿತ್ರ ಕಳೆಯುವವಳು ನಾನಲ್ಲ. ಪಾರ್ಕಿಂಗಿನದು, ಕ್ಯಾಂಟೀನಿನದು, ಗೇಟಿನದು, ಒಂದೊಂದನ್ನೂ ನಾನೇ ಆರಿಸಿ ನಾನೇ ಅಳಿಸಿದೆ. ಎಂಜಿನಿಯರನ ಕೈಗೆ ಕೀಬೋರ್ಡು ಕೊಡಲಿಲ್ಲ, ಕೇಳುವವರು ಬಂದರೆ ನನ್ನನ್ನೇ ಕೇಳಲಿ ಎಂದು. ಪರದೆಯ ಮೇಲಿನ ಸಂಖ್ಯೆ ಸ್ವಲ್ಪ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ತೊಂಬತ್ತಾರಕ್ಕೆ ಇಳಿಯಿತು, ಇನ್ನೂ ಇಳಿಯಿತು. ಮೇಲೆ ಎರಡನೆಯವನ ಸ್ಕ್ಯಾನೂ ನಿಲ್ಲದೆ ನಡೆಯಿತು.

"ಸಿಕ್ಕತ್ರಿ ಮೇಡಂ" ಎಂದ ಎಂಜಿನಿಯರ್. ಆ ಹೆಂಗಸಿನ ಹೆಸರು, ಎರಡು ವರ್ಷದ ಹಿಂದಿನ ಚಿತ್ರಗಳು, ಒಂದೂ ಕೆಡದೆ ತೆರೆದುಕೊಂಡವು. ನನಗೆ ಅಳು ಬಂತು. ಅಷ್ಟೆಲ್ಲ ಬೈಸಿಕೊಂಡಿದ್ದ ಹುಡುಗ ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಉಳಿದದ್ದನ್ನೆಲ್ಲ ವಾಪಸು ತರಲು ಅವನನ್ನು ಕೂರಿಸಿ ಮೇಲಕ್ಕೆ ಓಡಿದೆ. ಬೆಂಚಿನ ಮುಂದೆ ಹಾದುಹೋಗುವಾಗ ಅವರಿಗೆ ತಲೆ ಅಲ್ಲಾಡಿಸಿ ನಕ್ಕೆ.

ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಚಿತ್ರ ಸರಿಸುತ್ತಾ ಹೋದರು. ಹೊಸದರಲ್ಲಿ ಗಂಟು ಬಂದಾಗ ನಿಲ್ಲಿಸಿದರು. ಹಳೆಯದರಲ್ಲಿ ಆ ಜಾಗ ಬರಿದಾಗಿತ್ತು. ನನಗೇ ಕಂಡಿತು. ಅವರು ಹಿಂದೆ ಸರಿಸಿದರು, ಮುಂದೆ ಸರಿಸಿದರು, ದೊಡ್ಡದು ಮಾಡಿ ನೋಡಿದರು.

"ಆಗ ಇರಲಿಲ್ಲ" ಎಂದರು. "ಆಮೇಲೆ ಬೆಳೆದಿರೋದು. ಈ ವಾರನೇ ಆಪರೇಷನ್ ಆಗಬೇಕು. ನೀವಿದನ್ನ ತರದೇ ಇದ್ದಿದ್ರೆ ಸುಮ್ಮನೆ ಮೂರು ತಿಂಗಳು ಕಾಯಿಸ್ತಿದ್ದೆ. ಒಳ್ಳೇ ಕೆಲಸ ಮಾಡಿದ್ರಿ."

ಒಳ್ಳೇ ಕೆಲಸವೇ. ತಲೆಗೆ ಅದು ಗೊತ್ತಿತ್ತು, ಆದರೆ ಬೆಂಚಿನ ಮುಂದೆ ನಕ್ಕು ಬಂದಿದ್ದೆ.

ಬಾಗಿಲು ತೆಗೆದರೆ ಅವರು ಎದುರಿಗೇ ನಿಂತಿದ್ದರು.

"ಸಿಕ್ತಾ ಬೇಟಿ?"

"ಸಿಕ್ತು ಅಮ್ಮ."

ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮಗಳ ಕಡೆ ತಿರುಗಿ, "ಮನೆಗೆ ಫೋನ್ ಹಾಕು, ಫೋಟೋ ಸಿಕ್ತಂತೆ ಅನ್ನು. ಎಲ್ಲಾರೂ ಊಟ ಮಾಡ್ಲಿ, ಬೆಳಿಗ್ಗೆಯಿಂದ ಯಾರೂ ತಿಂದಿಲ್ಲ" ಎಂದರು. ಒಳಗಿನಿಂದ ಡಾಕ್ಟರಮ್ಮ ಅವರ ಹೆಸರು ಕರೆದರು. ನಗುಮುಖದಲ್ಲೇ, ನನ್ನ ಕೈಯನ್ನು ಬಿಡದೆ, ಅವರು ಒಳಗೆ ಹೊರಟರು.