ನಿಂಬೆಹಣ್ಣಿನ ಗಾತ್ರದ ಮುದ್ದೆ

ಇಲ್ಲಿಯ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಆಪರೇಷನ್ ಆದ ಮೇಲೆ ಮೊದಲ ಸಲ ಮುದ್ದೆ ತಿಂದ ದಿನ ಮನೆಯಲ್ಲಿ ಹುರುಳಿಕಾಳಿನ ಸಾರು ಇತ್ತು ಅಂತ ನನಗೆ ಅನ್ನಿಸುತ್ತದೆ. ಅವ್ವ ಅದು ಉಪ್ಸಾರು ಅನ್ನುತ್ತಾಳೆ. ಅವತ್ತು ನಾನು ಬಚ್ಚಲಲ್ಲಿ ಬಗ್ಗಿ ನಿಂತಿದ್ದಾಗ ಬೆನ್ನು ನೀವಿದ್ದು ನನ್ನ ಗಂಡ ಎಂದು ಇಷ್ಟು ವರ್ಷ ನಂಬಿದ್ದೆ. ಅವರು ಆ ಹೊತ್ತಿನಲ್ಲಿ ತಾವು ಮನೆಯಲ್ಲೇ ಇರಲಿಲ್ಲ ಎನ್ನುತ್ತಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಎಂ.ಎ. ಓದುವಾಗಿನಿಂದ ಇದೆ. ತೆಗೆದು ನೋಡಿದರೆ ಆ ದಿನದ ಕೆಳಗೆ ಇರುವುದು ಎರಡೇ ಪದ: 'ಮುದ್ದೆ. ಆಗಲಿಲ್ಲ.' ಇತಿಹಾಸ ಕಲಿಸುವವಳು ಇದಕ್ಕಿಂತ ಒಳ್ಳೆಯ ದಾಖಲೆ ಇಡಬೇಕಿತ್ತು.

ಆರೇಳು ವರ್ಷದ ಹಿಂದೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸಲೆಂದು ನನ್ನ ಜಠರದ ಬಹುಪಾಲನ್ನು ಕತ್ತರಿಸಿ ತೆಗೆದರು. ಉಳಿಯುವುದು ಒಂದು ಬಾಳೆಹಣ್ಣಿನಷ್ಟು ಎಂದು ವೈದ್ಯರು ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ್ದರು. ಆಗ ನನ್ನ ತೂಕ ನೂರು ಕೆ.ಜಿ. ದಾಟಿ ಬಹಳ ಕಾಲವಾಗಿತ್ತು. ಸಕ್ಕರೆ ಕಾಯಿಲೆಗೆ ಎರಡು ಬಗೆಯ ಮಾತ್ರೆ ನುಂಗುತ್ತಿದ್ದೆ. ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಾಠ ಮಾಡಲು ಹುಣಸೂರಿನಿಂದ ಕೆ.ಆರ್.ನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ನನ್ನ ಪಕ್ಕ ಕೂತವರು ಒಂದು ಕಾಲನ್ನು ಓಡಾಡುವ ಜಾಗಕ್ಕೆ ಚಾಚಿಕೊಂಡು, ಏನೂ ಹೇಳದೆ ಊರು ಮುಟ್ಟುತ್ತಿದ್ದರು. ಅವರು ಏನೂ ಹೇಳದಿರುವುದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ನೋಡಿಕೊಳ್ಳಲು ಕಂಪಲಾಪುರದಿಂದ ಅವ್ವ ಬಂದಳು. ಒಂದು ತಿಂಗಳಿಗೆಂದು ಬಂದವಳು ನಮ್ಮಲ್ಲೇ ಉಳಿದಳು. ಊರಿನಲ್ಲಿ ಅಣ್ಣನ ಮನೆಯಿದೆ, ಹೊಲ ಇದೆ, ಅವಳಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಅಲ್ಲಿ ಒಲೆ ಅತ್ತಿಗೆಯ ಕೈಗೆ ಹೋಗಿತ್ತು. ನಮ್ಮ ಮನೆಯಲ್ಲಿ ಅದು ಅವಳ ಕೈಗೆ ಬಂತು. ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಅನ್ನುತ್ತಾರೆ. ಹಿಟ್ಟು ತೊಳಸಿ, ಮಣೆಯ ಮೇಲೆ ಸುರಿದು, ಕೈ ನೀರಿಗೆ ಅದ್ದಿಕೊಂಡು ಅವಳು ಉಂಡೆ ಕಟ್ಟುವುದನ್ನು ನೋಡಬೇಕು. ಯಾರದು ಎಷ್ಟು ಎಂದು ಅವಳು ಯಾರನ್ನೂ ಕೇಳುವುದಿಲ್ಲ. ಅಳಿಯನದು ಒಂದು ಗಾತ್ರ, ತನ್ನದು ಒಂದು ಗಾತ್ರ. ನನ್ನದು, ಆಪರೇಷನ್ನಿಗೆ ಮುಂಚೆ ಅವಳು ಬಂದುಹೋಗುತ್ತಿದ್ದಾಗ, ಅಳಿಯನದಕ್ಕಿಂತ ಸ್ವಲ್ಪ ದೊಡ್ಡದು.

ಆಸ್ಪತ್ರೆಯಲ್ಲಿ ಏನು ತಿನ್ನಬೇಕು ಎಂದು ಹೇಳಿಕೊಟ್ಟ ಹುಡುಗಿ ಬೇರೆ ರಾಜ್ಯದವಳು. ಒಳ್ಳೆಯವಳು, ತಾಳ್ಮೆಯಿಂದ ಹೇಳುತ್ತಿದ್ದಳು. ಮೊದಲು ನೀರಿನಂಥದ್ದು, ಆಮೇಲೆ ಗಂಜಿಯಂಥದ್ದು, ಆಮೇಲೆ ಮೆತ್ತಗಿನದು. ಊಟಕ್ಕೆ ಕೂತಾಗಲೆಲ್ಲ ಮೊದಲು ಮೊಟ್ಟೆ, ಕಾಳು, ಮೀನು, ಕೋಳಿ ತಿನ್ನಬೇಕು. ಉಳಿದದ್ದೆಲ್ಲ ಅದರ ನಂತರ. ಊಟದ ಜೊತೆ ನೀರು ಕುಡಿಯಬಾರದು. ಎಲ್ಲವನ್ನೂ ನುಣ್ಣಗಾಗುವ ತನಕ ಅಗಿಯಬೇಕು. ನಾನು ರಾಗಿ ತಿನ್ನಬಹುದೇ ಎಂದು ಕೇಳಿದೆ. ಕೆಲವು ವಾರ ಕಳೆದ ಮೇಲೆ ಸ್ವಲ್ಪ ತಿನ್ನಬಹುದು, ಚೆನ್ನಾಗಿ ಅಗಿದು, ಎಂದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲ ಎಂಬುದು ನನಗೂ ಹೊಳೆಯಲಿಲ್ಲ.

ಆದ್ದರಿಂದ ಆ ಮೊದಲ ದಿನ ನಾನು ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದೆ. ಒಂದು ತುತ್ತು ಮುರಿದೆ, ಬೆರಳಲ್ಲಿ ಉಂಡೆ ಮಾಡಿದೆ, ಸಾರಿಗೆ ಅದ್ದಿದೆ, ನುಂಗಿದೆ. ಎರಡನೆಯ ತುತ್ತು ಎದೆಯ ನಡುವೆ ಎಲ್ಲೋ ನಿಂತಿತು. ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ. ಎದೆಯೊಳಗೆ ಯಾರೋ ಮುಷ್ಟಿ ಹಿಡಿದ ಹಾಗಿತ್ತು. ಬಚ್ಚಲಿಗೆ ಓಡಿದೆ. ಬೆನ್ನು ನೀವಿದ ಕೈ ಯಾರದೆಂಬುದು ಈಗ ತಕರಾರಿನಲ್ಲಿದೆ ಎಂದು ಆಗಲೇ ಹೇಳಿದೆ.

ಮಾರನೆಯ ದಿನ ಫೋನ್ ಮಾಡಿ ಕೇಳಿದಾಗ ಆ ಹುಡುಗಿ ಗಾಬರಿಯಾದಳು. 'ಅಗಿಯದೆ ನುಂಗ್ತೀರಾ? ಎಲ್ಲರೂ?' ಎಂದು ಎರಡು ಸಲ ಕೇಳಿದಳು. ಅವಳು ಹೇಳಿದ್ದನ್ನೇ ನಾನು ಅವ್ವನಿಗೆ ತಿರುಗಿಸಿ ಹೇಳಿದೆ: ಇನ್ನು ಮೇಲೆ ನಾನು ಮುದ್ದೆಯನ್ನು ಅಗಿದು ತಿನ್ನಬೇಕು.

'ಇಟ್ಟ ಅಗಿಯಾದ?' ಎಂದಳು ಅವ್ವ. 'ಅಲ್ಲು, ದವಡೆಗೆಲ್ಲ ಮೆತ್ಕತದೆ ಕಣವ್ವ. ಎಮ್ಮೆ ಮೆಲುಕ್ ಆಕ್ದಂಗೆ ಕೂತ್ಕತೀಯ?'

'ಹಾಗೇ ಕೂತ್ಕೋತೀನಿ ಬುಡು.'

'ನೋಡ್ದೋರು ಏನಂದಾರು?'

'ಅಡಿಗೆ ಮನೇಲಿ ಕೂತ್ಕೋತೀನಿ, ನೀನೊಬ್ಳೇ ನೋಡು.'

ಹಾಗೆಯೇ ಆಯಿತು. ಅವ್ವ ನನಗೆಂದು ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಲು ಶುರುಮಾಡಿದಳು. ಮೊದಮೊದಲು ಅವಳ ಅಂಗೈಗೆ ಅದು ಒಗ್ಗುತ್ತಿರಲಿಲ್ಲ. ಮಕ್ಕಳಾಟದ ಅಡಿಗೆ ಇದು ಎಂದು ಗೊಣಗುತ್ತ ಬೆರಳ ತುದಿಯಲ್ಲಿ ಉರುಳಿಸುತ್ತಿದ್ದಳು. ನಾನು ಮೊಟ್ಟೆಯನ್ನೋ ಮೊಳಕೆ ಕಾಳನ್ನೋ ಮೊದಲು ತಿಂದು, ಆಮೇಲೆ ಆ ನಿಂಬೆಹಣ್ಣನ್ನು ಚೂರು ಚೂರು ಮಾಡಿ, ಸಾರಿಲ್ಲದೆ ಬರಿದನ್ನೇ ಅಗಿಯುತ್ತ ಕೂರುತ್ತಿದ್ದೆ. ಸಾರಿನಲ್ಲಿ ಅದ್ದಿದರೆ ಜಾರಿ ಹೋಗುತ್ತದೆ, ಜಾರಿ ಹೋದರೆ ಹೊಟ್ಟೆ ತುಂಬಿದ್ದು ಬೇಗ ಗೊತ್ತಾಗುವುದಿಲ್ಲ. ಅರ್ಧ ಮುಗಿಯುವಷ್ಟರಲ್ಲಿ ಸಾಕಾಗುತ್ತಿತ್ತು. ಉಳಿದರ್ಧವನ್ನು ಅವ್ವ ತನ್ನ ತಟ್ಟೆಗೆ ಹಾಕಿಕೊಂಡು ಒಂದೇ ತುತ್ತಿಗೆ ನುಂಗುತ್ತಿದ್ದಳು.

ತೂಕ ಇಳಿಯಿತು. ಮೊದಲ ವರ್ಷ ಇಳಿದದ್ದನ್ನು ನಾನು ಮಾಡಿದ್ದು ಎಂದು ಹೇಳಿಕೊಳ್ಳಲಾರೆ. ಅದು ಆಪರೇಷನ್ ಮಾಡಿದ್ದು. ಕೂದಲು ಉದುರಿತು, ಮತ್ತೆ ಬಂತು. ತೋಳಿನ ಚರ್ಮ ಜೋತುಬಿತ್ತು, ಅದು ಹಾಗೇ ಉಳಿಯಿತು. ಸಕ್ಕರೆಯ ಮಾತ್ರೆ ಎರಡೂ ನಿಂತವು. ವಿಟಮಿನ್, ಕಬ್ಬಿಣದ ಮಾತ್ರೆ ಮಾತ್ರ ನಾನಿರುವ ತನಕ ಇರುತ್ತವೆ. ಸಂಜೆ ಲಕ್ಷ್ಮಣತೀರ್ಥದ ಸೇತುವೆಯ ತನಕ ನಡೆದು ಬರುವುದು ಅಭ್ಯಾಸವಾಯಿತು. ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ತನ್ನ ಕೈಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಳು. ಅಲ್ಲಿ ಜಾಗವಿತ್ತು. ನಾನು ಆ ಚೀಲವನ್ನೇ ನೋಡುತ್ತ ಕೆ.ಆರ್.ನಗರ ತಲುಪಿದೆ.

ಕಷ್ಟ ಇರುವುದು ಆಮೇಲಿನ ವರ್ಷಗಳಲ್ಲಿ. ಇಳಿಯುವಾಗ ಎಲ್ಲರೂ ನೋಡುತ್ತಾರೆ, ಇಳಿದಲ್ಲಿ ನಿಂತಿರುವುದನ್ನು ಯಾರೂ ನೋಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬರುತ್ತದೆ, ಟೀ ಜೊತೆ ಬಿಸ್ಕತ್ತು ಬರುತ್ತದೆ. ಮೊದಲ ವರ್ಷ 'ಬೇಡ' ಅಂದರೆ ಮೆಚ್ಚುತ್ತಿದ್ದವರು ನಾಲ್ಕನೆಯ ವರ್ಷ 'ಇನ್ನೂ ಏನ್ ಮೇಡಂ, ಸಾಕು ಬಿಡಿ' ಅನ್ನುತ್ತಾರೆ. ನನಗೂ ಎಷ್ಟೋ ಸಲ ಸಾಕು ಅನ್ನಿಸಿದೆ.

ಊರಿನವರಿಗೆ ನನ್ನ ಹೊಸ ಮುಖ ಹಿಡಿಸಿರಲಿಲ್ಲ. ಎರಡನೆಯ ವರ್ಷವೋ ಮೂರನೆಯ ವರ್ಷವೋ, ಪಿರಿಯಾಪಟ್ಟಣದಲ್ಲಿ ನೆಂಟರೊಬ್ಬರ ಮದುವೆಯಾಗಿ, ಮಾರನೆಯ ದಿನದ ಬೀಗರೂಟಕ್ಕೆ ಹೋಗಿದ್ದೆವು. ಎಲೆಯ ಮೇಲೆ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಬಡಿಸುವವರು ಬೇಡವೆಂದರೂ ಹಾಕುತ್ತಾರೆ, ಬಿಟ್ಟರೆ ಬೀಗರು ಮುನಿಯುತ್ತಾರೆ. ನಾನು ಎರಡು ಚೂರು ಮಾಂಸ ಅಗಿಯುತ್ತ, ಮುದ್ದೆಯನ್ನು ಎಲೆಯ ತುದಿಗೆ ಸರಿಸಿ ಕೂತಿದ್ದೆ. ಎದುರು ಪಂಕ್ತಿಯಲ್ಲಿ ದೊಡ್ಡವ್ವ, ಅವ್ವನ ಅಕ್ಕ, ಕೂತಿದ್ದಳು. ನನ್ನನ್ನು ಬಿಟ್ಟು ಅವ್ವನನ್ನು ಕೇಳಿದಳು.

'ಏನೇ, ಮಗಳ್ನ ಇಂಗೆ ಒಣಗುಸ್ಬುಟ್ಟಿದ್ದೀಯ? ಇಟ್ಟಿಕ್ಕಾಕಿಲ್ವಾ?'

'ಆಪ್ರೇಸನ್ ಆಗದೆ ಕಣಕ್ಕ.'

'ಆಪ್ರೇಸನ್ ಆಗಿರಾದು ಅವ್ಳ ಒಟ್ಟೆಗೆ. ನಿನ್ ಕೈಗಲ್ವಲ್ಲ.'

ಅಕ್ಕಪಕ್ಕದವರು ನಕ್ಕರು. ದೊಡ್ಡವ್ವನೂ ನಕ್ಕಳು, ಅವಳ ಮಾತಿನಲ್ಲಿ ಕೇಡಿರಲಿಲ್ಲ. ಅವ್ವ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ. ಕಾರಿನಲ್ಲಿ ಹುಣಸೂರಿಗೆ ಬರುವಾಗ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದು ನೆನಪಿದೆ. ಅದೂ ಆ ದಿನದ್ದೇ ಎಂದು ಆಣೆ ಮಾಡಲಾರೆ.

ಹೋದ ವರ್ಷದಿಂದ ತೂಕ ಏರತೊಡಗಿತು. ಮೊದಲು ಒಂದು ಕೆ.ಜಿ., ಆಮೇಲೆ ಇನ್ನೊಂದು. ಏಳಕ್ಕೆ ಬಂದಾಗ ರಕ್ತಪರೀಕ್ಷೆಯಲ್ಲಿ ಸಕ್ಕರೆಯೂ ಗಡಿ ದಾಟಿತ್ತು. ಸ್ವಲ್ಪ ಮರಳಿ ಬರುವುದು ಸಾಮಾನ್ಯ, ಆದರೆ ಇದು ಇಲ್ಲಿಗೇ ನಿಲ್ಲಬೇಕು, ಇಲ್ಲದಿದ್ದರೆ ಮಾತ್ರೆ ಮತ್ತೆ ಶುರುವಾಗುತ್ತದೆ ಎಂದರು ವೈದ್ಯರು. ಊಟದಲ್ಲಿ ಏನು ಬದಲಾಗಿದೆ ಎಂದು ಕೇಳಿದರು. ಏನೂ ಬದಲಾಗಿಲ್ಲ ಎಂದೆ. ಹಾಗೆಂದು ನಿಜವಾಗಿಯೂ ನಂಬಿದ್ದೆ. ಹೊರಗೆ ಕಾಯುತ್ತಿದ್ದಾಗ ಸರಗೂರಿನ ಕಡೆಯ ಒಬ್ಬ ಹೆಂಗಸು, ಆಪರೇಷನ್ನಿಗೆ ವಿಚಾರಿಸಲು ಬಂದವಳು, ನನ್ನನ್ನು ಕೇಳಿದಳು: 'ಅಕ್ಕ, ಒಂದ್ಸಲ ಮಾಡುಸ್ಬುಟ್ರೆ ಮುಗೀತಲ್ವಾ?' ನಿಮ್ಮ ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಆಗ ನನಗೇ ತಿಳಿದಿರಲಿಲ್ಲ.

ಆಮೇಲೆ ಸ್ವಲ್ಪ ದಿನಕ್ಕೆ ಹೊಗೆಸೊಪ್ಪು ಬೇಯಿಸುವ, ಅಂದರೆ ಬೆಂಕಿಯ ಕಾವಿನಲ್ಲಿ ಒಣಗಿಸುವ, ಕೆಲಸ ಜೋರಾಗಿದೆ ಎಂದು ಅಣ್ಣ ಕರೆದ. ಕೂಲಿಗೆ ಬಂದ ಅಷ್ಟು ಜನರ ಅಡಿಗೆಗೆ ಅತ್ತಿಗೆಗೆ ಜೊತೆಯಾಗಲು ಅವ್ವ ಕಂಪಲಾಪುರಕ್ಕೆ ಹೋದಳು. ಹಿಟ್ಟು ತೊಳಸುವುದು ನನ್ನ ಪಾಲಿಗೆ ಬಂತು. ನನ್ನ ಗಂಡನಿಗೆ ಅವರ ಗಾತ್ರದ್ದು ಕಟ್ಟಿದೆ. ನನಗೆ ನಿಂಬೆಹಣ್ಣಿನಷ್ಟು ಕಟ್ಟಿ ತಟ್ಟೆಯಲ್ಲಿಟ್ಟೆ. ಅವರು ಅದನ್ನು ನೋಡಿ ನಕ್ಕರು.

'ಇದ್ಯಾರ್ದು?'

'ನಂದು.'

'ನಿಂದಲ್ಲ ಕಣೇ ಇದು. ಇದು ಆಪರೇಷನ್ ಆದ ವರ್ಷದ್ದು.' ತಮ್ಮ ಮುಷ್ಟಿ ಮಡಚಿ ನನ್ನ ತಟ್ಟೆಯ ಪಕ್ಕ ಹಿಡಿದರು. 'ಅತ್ತೆ ನಿಂಗೆ ಇಕ್ಕೋದು ಇಷ್ಟು.'

'ಸುಳ್ಳು.'

'ದಿನಾ ಎದುರಿಗೆ ಕೂತು ನೋಡೋನು ನಾನು.'

ನಾನು ತಿನ್ನಲು ಕೂತೆ. ಮೊಟ್ಟೆ ಮುಗಿಸಿದೆ, ಒಂದು ತುತ್ತು ಮುರಿದೆ, ಸಾರಿಗೆ ಅದ್ದಿದೆ, ನುಂಗಿದೆ. ಕೈ ಎರಡನೆಯ ತುತ್ತಿಗೆ ಹೋದಾಗ ತಿಳಿಯಿತು. ಅಗಿದಿರಲಿಲ್ಲ. ಅದು ಎಲ್ಲೂ ಸಿಕ್ಕಿಕೊಳ್ಳದೆ ತಣ್ಣಗೆ ಇಳಿದು ಹೋಗಿತ್ತು. ಯಾವಾಗಿನಿಂದ ಹೀಗೆ ನುಂಗುತ್ತಿದ್ದೇನೆ? ಅಡಿಗೆ ಮನೆಯಲ್ಲಿ ಒಬ್ಬಳೇ ಮೆಲುಕು ಹಾಕುತ್ತಿದ್ದವಳು ನಡುಮನೆಗೆ ಬಂದು ಎಲ್ಲರ ಜೊತೆ ಕೂತದ್ದು ಯಾವಾಗ? ಉಳಿದರ್ಧ ಮುದ್ದೆ ಅವ್ವನ ತಟ್ಟೆಗೆ ಹೋಗುವುದು ನಿಂತದ್ದು ಯಾವಾಗ? ನಿಂಬೆಹಣ್ಣು ಮುಗಿಯಿತು. ಹಸಿವು ಹಾಗೇ ಇತ್ತು.

ಎರಡು ದಾರಿ ಕಾಣುತ್ತವೆ. ಬೀಗರೂಟದಿಂದ ಬಂದ ಅವ್ವ ತನ್ನ ಕೈಯ ಮಾನ ಉಳಿಸಿಕೊಳ್ಳಲು ದಿನಕ್ಕೆ ಒಂದಿಷ್ಟು, ನನಗೆ ತಿಳಿಯದ ಹಾಗೆ, ಸೇರಿಸುತ್ತ ಬಂದಿರಬಹುದು. ಇಲ್ಲವೇ ನಾನೇ ಯಾವತ್ತೋ ದಣಿದು ಬಂದ ಸಂಜೆ 'ಇನ್ನೊಂದೀಟು ಹಾಕವ್ವ' ಎಂದಿರಬಹುದು, ಮರುದಿನವೂ ಎಂದಿರಬಹುದು. ಮೊದಲನೆಯದು ನಿಜವಾದರೆ ಅವಳ ಕೈಯಿಂದ ಹಿಟ್ಟಿನ ಕೋಲು ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ತೆಗೆದುಕೊಂಡರೆ ಅವಳು ಹುಣಸೂರಿನಲ್ಲಿ ಯಾಕೆ ಉಳಿಯಬೇಕು? ಎರಡನೆಯದು ನಿಜವಾದರೆ ನಾನು ಹಿಡಿದುಕೊಳ್ಳಬೇಕಾದದ್ದು ನನ್ನ ನಾಲಗೆಯನ್ನು. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ತೂಕ ನಿಲ್ಲಿಸುವುದು ಹೇಗೆ? ನನ್ನ ನೆನಪನ್ನು ಕೇಳಿದರೆ ಅದು ಮೊದಲನೆಯದನ್ನೇ ತೋರಿಸುತ್ತದೆ. ತಪ್ಪು ಬೇರೆಯವರದಾಗುವ ಕಡೆಗೇ ಅದು ಸದಾ ವಾಲುವುದರಿಂದ ನಾನು ಅದನ್ನು ನಂಬುತ್ತಿಲ್ಲ.

ಅವ್ವ ಮರಳಿ ಬಂದ ದಿನ ಸಂಜೆ ನಾನು ಅವಳ ಪಕ್ಕ ನಿಂತು ನೋಡಿದೆ. ಮಣೆಯ ಮೇಲೆ ಹಬೆಯಾಡುವ ಹಿಟ್ಟು. ಅಳಿಯನದು ಕಟ್ಟಿ ಇಟ್ಟಳು. ಕೈ ನೀರಿಗೆ ಅದ್ದಿ ನನ್ನದಕ್ಕೆ ಹಿಟ್ಟು ಎಳೆದುಕೊಂಡಳು. ಬೆರಳ ತುದಿಯಲ್ಲಿ ಅಲ್ಲ, ಇಡೀ ಅಂಗೈಯಲ್ಲಿ, ಎರಡು ಸುತ್ತಿಗೆ ಉರುಳಿಸಿದಳು. ಮುಷ್ಟಿಯಷ್ಟು ಇತ್ತು. ಅವಳು ಅದನ್ನು ನೋಡಲೂ ಇಲ್ಲ; ಕೈಗೆ ಗೊತ್ತಿತ್ತು.

ಆಗ ಕೇಳಿದೆ. ಅವಳು ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, 'ಸಾರ್ ಬುಡ್ಲಾ?' ಎಂದಳು. ನಾನು ಅರ್ಧ ಮುರಿದು ಅವಳ ತಟ್ಟೆಗೆ ಇಟ್ಟೆ, ಉಳಿದದ್ದನ್ನು ಅಡಿಗೆ ಮನೆಯಲ್ಲೇ ಕೂತು ಸಾರಿಲ್ಲದೆ ಅಗಿದೆ. ಈಗಲೂ ದಿನಾ ಅವಳು ಅಷ್ಟೇ ಕಟ್ಟುತ್ತಾಳೆ, ನಾನು ದಿನಾ ಮುರಿದು ಕೊಡುತ್ತೇನೆ. ಅವಳು ಬೇಡ ಎನ್ನುವುದಿಲ್ಲ, ಉತ್ತರವನ್ನೂ ಕೊಟ್ಟಿಲ್ಲ. ಮತ್ತೊಮ್ಮೆ ಕೇಳುವ ಧೈರ್ಯ ಬಂದಿಲ್ಲ. ಮಾತು ಮರೆತು ಹೋಗಬಾರದೆಂದು, ಅವತ್ತು ಕೇಳಿದ್ದನ್ನು ಕೇಳಿದ ಹಾಗೇ ಇಲ್ಲಿ ಬರೆದಿಡುತ್ತೇನೆ:

'ಅವ್ವ, ನನ್ ಇಟ್ಟ ದಪ್ಪ ಮಾಡು ಅಂತ ನಾನೇ ಅಂದಿದ್ನಾ?'