ಖಾಲಿಯಾದ ನಾಲ್ಕು ತೊಟ್ಟಿಲು

ಲಕ್ಷ್ಮಮ್ಮ, ಫ್ಯಾಕ್ಟರಿಯ ಕೂಸಿನ ಕೋಣೆಯ ಬಗ್ಗೆ ಅವತ್ತು ನಾನು ನಿನಗೆ ಹೇಳಿದ್ದು ಸುಳ್ಳು. ಯಾರದೋ ಮಾತು ನಂಬಿ ಹೇಳಿದ್ದಲ್ಲ — ಗೊತ್ತಿದ್ದೇ, ನಿನ್ನ ಮುಖ ನೋಡಿಕೊಂಡೇ ಹೇಳಿದೆ.

ಪೀಣ್ಯದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ತಾಮ್ರದ ತಂತಿ ಸುತ್ತುತ್ತಿದ್ದ ಕಾಲ. ನಿನ್ನ ಮಗನಿಗೆ ಐದು ತಿಂಗಳು. ಅವನನ್ನು ನೋಡಿಕೊಳ್ಳಲು ನೀನು ಎಂಟು ವರ್ಷದ ಮಗಳು ರತ್ನಳನ್ನು ಶಾಲೆ ಬಿಡಿಸಿದ್ದೆ. ಹೀಗೇ ಒದ್ದಾಡುತ್ತಿದ್ದ ತಾಯಂದಿರೆಲ್ಲ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಕೂಸಿನ ಕೋಣೆ ಬೇಕೆಂದು ಮೂರು ದಿನ ಗೇಟಿನ ಮುಂದೆ ಕೂತಿರಿ. ಒಂದು ದಿನ ನಾನೂ ಕೂತಿದ್ದೆ. ಬಾಗಲಗುಂಟೆಯ ಊರವರು ಬಂದರು, ಪೇಪರಿನವರು ಫೋಟೊ ತೆಗೆದರು, ಮಾಲೀಕರಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಹದಿನೈದೇ ದಿನದಲ್ಲಿ ಸುಣ್ಣ ಹೊಡೆದ ಕೋಣೆ, ನಾಲ್ಕು ತೊಟ್ಟಿಲು, ಒಬ್ಬ ಆಯಾ — ಎಲ್ಲ ಸಿದ್ಧ. ಮಾಲೀಕರು ಮೊದಲು ತೂಗಿದ್ದು ನಿನ್ನ ಮಗನನ್ನೇ. ಮರುದಿನ ರತ್ನ ಸ್ಲೇಟು ಹಿಡಿದು ಶಾಲೆಗೆ ಓಡಿದಳು.

ಪೇಪರಿನವರ ಸದ್ದಡಗಿದ ಮೇಲೆ ಮ್ಯಾನೇಜರು ನನ್ನನ್ನು ಕರೆದರು. ಕೋಣೆ ನಾವು ಮುಚ್ಚಿದರೆ ಮತ್ತೆ ಗಲಾಟೆ, ತಾಯಂದಿರೇ ಬರದಿದ್ದರೆ ಗಲಾಟೆಯಿಲ್ಲ ಅಂದರು. ಸೂಪರ್‌ವೈಸರ್ ಜಾಗ ಖಾಲಿಯಿದೆ ಎಂದೂ ಸೇರಿಸಿದರು. ಹೆದರಿಸಲಿಲ್ಲ. ಹೆದರಿಸಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು — ಥೂ, ನನ್ನ ಜನ್ಮಕ್ಕಿಷ್ಟು.

ಊಟದ ಹೊತ್ತು, ನಲ್ಲಿಯ ಹತ್ತಿರ ನಿನಗೆ ಹೇಳಿದೆ: "ಆ ಕೋಣೇಲಿ ಮಗು ಬಿಡೋರನ್ನ ಖಾಯಂ ಮಾಡಲ್ವಂತೆ ಕಣೇ. ನಾನ್ ಹೇಳ್ದೆ ಅಂತ ಎಲ್ಲೂ ಅನ್ಬೇಡ."

ನೀನು ನನ್ನ ಕೈ ಹಿಡಿದುಕೊಂಡೆ. "ನೀನ್ ಯೋಳ್ದೇ ಇದ್ದಿದ್ರೆ ನಾನ್ ಕೆಟ್ಟೋಗ್ತಿದ್ದೆ ಸರೋಜಕ್ಕ" ಅಂದೆ.

ಉಳಿದವರಿಗೂ ಇದನ್ನೇ ಊದಿದೆ. ತಿಂಗಳೊಳಗೆ ನಾಲ್ಕೂ ತೊಟ್ಟಿಲು ಖಾಲಿ. ನಾವು ಮಾಡಿಕೊಟ್ಟೆವು, ಅವರಿಗೇ ಬೇಡವಾಯಿತು ಎಂದು ಮಾಲೀಕರು ಎಲ್ಲರೆದುರು ಹೇಳಿಕೊಂಡರು. ಅಷ್ಟು ಜನ ಸೇರಿ ಬಗ್ಗಿಸಿದ್ದ ಮಾಲೀಕರು, ನನ್ನೊಬ್ಬಳ ಪಿಸುಮಾತಿನಿಂದ ಮತ್ತೆ ಸೆಟೆದು ನಿಂತರು. ಕೋಣೆಯಲ್ಲಿ ತಂತಿಯ ಸಿಂಬಿಗಳನ್ನು ತುಂಬಿದರು. ನಾನು ಸೂಪರ್‌ವೈಸರ್ ಆದೆ. ರತ್ನ ಮತ್ತೆ ತಮ್ಮನನ್ನು ಎತ್ತಿಕೊಂಡಳು, ಶಾಲೆಯ ಕಡೆ ತಿರುಗಿ ಹೋಗಲೇ ಇಲ್ಲ.

ನೀನೋ, ನಾನು ಮಾಡಿದ 'ಉಪಕಾರ'ಕ್ಕೆ ಹನ್ನೆರಡು ವರ್ಷದಿಂದ ಹೊಲದ ಮೊದಲ ಅವರೆಕಾಯಿ ಕಳಿಸುತ್ತಿದ್ದೀಯ. ತಿಂದೆ ಲಕ್ಷ್ಮಮ್ಮ. ಚಪ್ಪರಿಸಿಕೊಂಡೇ ತಿಂದೆ.

ನಿನ್ನೆ ಚೀಲ ತಂದವಳು ರತ್ನ. ನಮ್ಮ ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದಾರಂತೆ, ಏಳನೇ ಕ್ಲಾಸ್ ಪಾಸಾಗಿರಬೇಕಂತೆ. ಗೇಟಿನ ಮೇಲಿದ್ದ ನೋಟೀಸನ್ನು ಯಾರ ಕೈಲೋ ಓದಿಸಿಕೊಂಡು ಬಂದಿದ್ದಳು. ಸೆರಗಿನ ತುದಿ ತಿರುವುತ್ತ ನಿಂತು ಕೇಳಿದಳು:

"ದೊಡ್ಡಮ್ಮ, ನಿಮ್ ಮಾತು ಅಲ್ಲಿ ನಡೀತದಂತೆ. ಒಂದ್ ಮಾತ್ ಯೋಳಿ ಅಂತ ಅಮ್ಮ ಕಳ್ಸವ್ಳೆ."

ನಡೆದಿತ್ತು ಲಕ್ಷ್ಮಮ್ಮ, ಅವತ್ತು ನನ್ನ ಮಾತು. ಅವಳಿಗೆ ನೋಡೋಣ ಅಂದು ಕಳಿಸಿಬಿಟ್ಟೆ.

ಅವರೆಕಾಯಿ ಬಿಡಿಸಿಲ್ಲ, ಚೀಲದಲ್ಲಿ ಹಾಗೇ ಇದೆ. ನಾಳೆ ಮ್ಯಾನೇಜರ ಹತ್ತಿರ ರತ್ನಳಿಗಾಗಿ ಕೇಳುತ್ತೇನೆ. ಕೆಲಸ ಕೊಡಿಸಿದರೂ ಅವಳ ಶಾಲೆ ವಾಪಸ್ಸು ಬರುವುದಿಲ್ಲ, ಗೊತ್ತು. ಈ ಕಾಗದವನ್ನು ಯಾರ ಕೈಲೂ ಕಳಿಸುವುದಿಲ್ಲ. ನಿನಗೆ ಓದು ಬಾರದು, ಅವಳಿಗೆ ಬಾರದಂತೆ ಮಾಡಿದವಳು ನಾನು. ಭಾನುವಾರ ಬರುತ್ತೇನೆ. ರತ್ನಳನ್ನೂ ಪಕ್ಕದಲ್ಲಿ ಕೂರಿಸಿಕೋ, ನಾನೇ ಓದಿ ಹೇಳುತ್ತೇನೆ.