ಹಾಕ್ಬುಡಿ ಅಂದೋಳು ನಾನೇ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇದ್ದಾಗ ನಡೆದದ್ದು ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಜೋರು. ಚನ್ನಪಟ್ಟಣದ ಹತ್ತಿರದ ನಮ್ಮೂರಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಎದುರಿನವರು ಪ್ರಶ್ನೆ ಮುಗಿಸುವ ಮೊದಲೇ ನನ್ನ ಉತ್ತರ ಆಗಿರುತ್ತದೆ.

ಭಾಗ್ಯ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ ರಾಮನಗರದ ರೇಷ್ಮೆ ಫಿಲೇಚರ್‌ಗೆ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ನಿಂತು, ಬಿಸಿನೀರಲ್ಲಿ ಕೈಯಾಡಿಸಿ ಗೂಡಿನಿಂದ ನೂಲು ತೆಗೆಯುವ ಕೆಲಸ. ಭುಜ ಬಿದ್ದುಹೋಗುವಂಥ ನೋವು. ಜೊತೆಯಲ್ಲಿದ್ದ ಹೆಂಗಸೊಬ್ಬಳು, ತಿನ್ನು ನೋವೇ ಗೊತ್ತಾಗಲ್ಲ ಅಂತ ಒಂದು ಗುಳಿಗೆ ಕೊಟ್ಟಳಂತೆ. ಒಂದು ಎರಡಾಯಿತು, ಎರಡು ಎಂಟಾಯಿತು. ತಿನ್ನದಿದ್ದರೆ ಮೈಯೆಲ್ಲ ನಡುಕ, ಬೆವರು, ವಾಂತಿ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಅವಳು ಆರು ತಿಂಗಳ ಬಸುರಿ.

ಹೆರಿಗೆ ದಿನ ತುಂಬುವ ಮೊದಲೇ ಆಯಿತು. ಗುಳಿಗೆಯ ಮಂಪರಿನಲ್ಲಿ ಅವಳಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೊಬ್ಬಳೇ. ಸಿಸ್ಟರ್ ಒಬ್ಬರು ಹೆರಿಗೆ ಕೋಣೆಯ ಬಾಗಿಲಿಗೆ ಬಂದು ಏನೋ ಹೇಳಿ, "ಹಾಕ್ಬಿಡ್ಲಾ?" ಅಂದರು. ಡ್ರಿಪ್ ಬಾಟಲಿ ಖಾಲಿಯಾಗಿರುವುದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. "ಹಾಕ್ಬುಡಿ ತಾಯಿ, ಅದ್ನೇನ್ ಕೇಳೋದು" ಅಂದೆ. ಒಂದು ಕಾಗದ ಮುಂದೆ ಹಿಡಿದರು, ಸಹಿ ಮಾಡಿದೆ. ಎರಡನೇ ದಿನ ಮಗು ಹೋಯಿತು. ಗಂಡು ಮಗು. ಮನೆಗೆ ಬಂದ ಮೇಲೆ ಅತ್ತೆ ಆಸ್ಪತ್ರೆಯ ಕಾಗದಗಳನ್ನೂ ತಾಯಿ ಕಾರ್ಡನ್ನೂ ಯಾರಿಂದಲೂ ಓದಿಸದೆ ಒಲೆಗೆ ಹಾಕಿಬಿಟ್ಟರು.

ಆಮೇಲೆ ಭಾಗ್ಯ ಗುಳಿಗೆ ಬಿಟ್ಟಳು. ಬಿಡುವುದೇನು ಸುಲಭವೇ? ಡಾಕ್ಟರ ಹತ್ತಿರ ಹೋಗಿ ಔಷಧಿ ತಗೊಂಡು, ಎರಡು ಸಲ ಜಾರಿ, ಮೂರನೇ ಸಲ ಗಟ್ಟಿಯಾಗಿ ನಿಂತಳು. ಆದರೆ ಮಗು ಮಾತ್ರ ಆಗಲಿಲ್ಲ. ಸಾವನದುರ್ಗದ ದೇವರಿಗೆ ಹರಕೆ ಹೊತ್ತಳು, ನಾಟಿ ಔಷಧಿ ಕುಡಿದಳು. ಹೀಗೇ ನಾಲ್ಕು ವರ್ಷ. ಮುಟ್ಟಾದರೆ ಎಂಟೆಂಟು ದಿನ ಸುರಿಯುತ್ತಿತ್ತು. "ಗುಳಿಗೆ ನುಂಗಿ ಗರ್ಭ ಸುಟ್ಕೊಂಡವ್ಳೆ, ಇನ್ನೆಲ್ಲಿ ನಿಂತಾತು" ಎನ್ನುತ್ತಿದ್ದರು ಅತ್ತೆ. ನಾನೇನು ಕಡಿಮೆಯೇ? ಒಂದು ಸಲ ನಲ್ಲಿ ಹತ್ತಿರ ನೀರಿಗೆ ಜಗಳವಾದಾಗ, ಬೀದಿ ಹೆಂಗಸರೆಲ್ಲ ನಿಂತಿದ್ದ ಹಾಗೇ, "ಗರ್ಭ ಸುಟ್ಕೊಂಡೋಳು ನಂಗ್ ಬುದ್ಧಿ ಹೇಳಕ್ ಬಂದ್ಬುಟ್ಲು" ಅಂದೆ. ಅವಳು ಕೊಡ ಅಲ್ಲೇ ಬಿಟ್ಟು ಒಳಗೆ ಹೋದಳು.

ಹೋದ ವರ್ಷ ಅತ್ತೆ ಪಟ್ಟು ಹಿಡಿದರು. ಗೌರಿ ಹಬ್ಬ ಕಳೆದ ಮೇಲೆ ಮೈದುನನಿಗೆ ಸಾತನೂರು ಕಡೆ ಇನ್ನೊಂದು ಹೆಣ್ಣು ನೋಡಿಬರುವುದು ಎಂದು. ಮೈದುನ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮಾರನೇ ದಿನ ಭಾಗ್ಯ ನನ್ನ ಹತ್ತಿರ ಬಂದಳು.

"ಅಕ್ಕ, ಒಂದ್ಸಲ ಸ್ಕ್ಯಾನಿಂಗ್ ಮಾಡ್ಸವ ಬಾ. ಸುಟ್ಟೋಗಿದ್ರೆ ಸುಟ್ಟೋಗೈತೆ ಅಂತ ಗೊತ್ತಾಗ್ಲಿ. ಯಾರೂ ಓಡಿಸ್ಬೇಕಾಗಿಲ್ಲ, ನಾನೇ ತವರಿಗೆ ಹೊಂಟೋಯ್ತೀನಿ."

ರಾಮನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಏನಮ್ಮ, ಒಳಗೆ ಕಾಪರ್-ಟಿ ಇಟ್ಕೊಂಡು ಮಗು ಆಗ್ಲಿಲ್ಲ ಅಂತ ಬಂದಿದೀಯಲ್ಲ?"

"ಏನಿಟ್ಕೊಂಡು ಮೇಡಂ?" ಅಂದಳು ಭಾಗ್ಯ.

"ಮಕ್ಕಳಾಗದ ಹಾಗೆ ಗರ್ಭಕೋಶದಲ್ಲಿ ಇಡ್ತಾರಲ್ಲ, ಅದು. ಹೆರಿಗೆ ಆದ ಕೂಡ್ಲೇ ಹಾಕಿರ್ಬೇಕು. ಯಾಕೆ, ನಿನ್ನ ಕೇಳ್ಲಿಲ್ವಾ?"

"ನನ್ನ ಯಾರೂ ಕೇಳ್ಲಿಲ್ಲ ಮೇಡಂ."

ನನಗೆ ಸಿಡಿಲು ಬಡಿದ ಹಾಗಾಯಿತು. ಆ ಬಾಗಿಲು, ಆ ಸಿಸ್ಟರ್, ಆ ಕಾಗದ ಎಲ್ಲ ಕಣ್ಣ ಮುಂದೆ ಬಂತು. "ಹಾಕ್ಬಿಡ್ಲಾ" ಅನ್ನುವ ಮೊದಲು ಅವರು ಹೇಳಿದ್ದ ಮಾತೂ ಈಗ ನೆನಪಾಯಿತು: "ಇಂಥೋರಿಗೆ ಮತ್ತೆ ಮತ್ತೆ ಆದ್ರೆ ಕಷ್ಟ." ಅಯ್ಯೋ ದೇವರೇ, ಅವರು ಕೇಳಿದ್ದು ಡ್ರಿಪ್ ಅಲ್ಲ! ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಮಲಗಿದ್ದಲ್ಲಿಂದ ಭಾಗ್ಯ ನನ್ನನ್ನೇ ನೋಡುತ್ತಿದ್ದಳು.

"ಕೇಳಿದ್ರು ಮೇಡಂ. ನನ್ನ ಕೇಳಿದ್ರು. ಹಾಕ್ಬುಡಿ ಅಂದೋಳು ನಾನೇ" ಅಂದೆ.

ಗುಳಿಗೆ, ಮಂಪರು, ಆ ಸಿಸ್ಟರ್ ಮಾತು ಎಲ್ಲ ಹೇಳಿದೆ. ಡಾಕ್ಟರಿಗೆ ಕೋಪ ಬಂತು. "ಅವಳ ಗರ್ಭಕೋಶಕ್ಕೆ ನೀವ್ಯಾರ್ರೀ ಹೂಂ ಅನ್ನೋಕೆ? ಮಾತ್ರೆ ತಿಂತಿದ್ದಳು ಅಂದ್ರೆ ಅವಳೇನು ಮನುಷ್ಯಳಲ್ವಾ? ಎಚ್ಚರ ಆದ್ಮೇಲೆ ಅವಳನ್ನೇ ಕೇಳ್ಬೇಕಿತ್ತು" ಎಂದು ನನ್ನನ್ನೂ ಬೈದರು, ಆ ಸಿಸ್ಟರನ್ನೂ ಬೈದರು. ಆಮೇಲೆ ಭಾಗ್ಯಳ ಕಡೆ ತಿರುಗಿ, ಗರ್ಭಕೋಶ ಚೆನ್ನಾಗೇ ಇದೆ, ಇಷ್ಟೊಂದು ಮುಟ್ಟು ಹೋಗುತ್ತಿದ್ದದ್ದೂ ಬಹುಶಃ ಇದರಿಂದಲೇ ಎಂದರು.

ಅಲ್ಲಿದ್ದ ನರ್ಸ್ ನನ್ನ ಮುಖ ನೋಡಿ, "ತೆಗೆದುಬಿಡೋದಾ?" ಅಂದಳು. ಮತ್ತೆ ನನ್ನನ್ನೇ! "ಅವಳನ್ನ ಕೇಳವ್ವ" ಅಂದೆ. "ತೆಗೀರಿ" ಅಂದಳು ಭಾಗ್ಯ. ತೆಗೆದಾದ ಮೇಲೆ ತೋರಿಸಿ ಅಂತ ಕೇಳಿದಳು. ಬೆರಳುದ್ದವೂ ಇಲ್ಲದ ವಸ್ತು. "ಇಷ್ಟೇನಾ?" ಅಂದಳು, ಅಷ್ಟೇ.

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತಳು. "ತಪ್ಪಾಯ್ತು ಕಣಮ್ಮಿ" ಅಂದೆ. ನಮ್ಮೂರು ಹತ್ತಿರ ಬಂದಾಗ ಕೇಳಿದಳು, "ಅಕ್ಕ, ಹಂಗಾರೆ ನನ್ ಗರ್ಭ ಸುಟ್ಟೋಗಿಲ್ವಾ?"

"ಇಲ್ಲ ಕಣಮ್ಮಿ" ಅಂದೆ ಮೆಲ್ಲಗೆ.

"ಅವತ್ತು ನಲ್ಲಿತಾವ ನೀನು ಜೋರಾಗಿ ಹೇಳಿದ್ದೆ. ಇವತ್ತೂ ಜೋರಾಗಿ ಹೇಳು."

ಊರಲ್ಲಿ ಇಳಿದೆವು. ನಲ್ಲಿ ಹತ್ತಿರ ಏಳೆಂಟು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಅತ್ತೆಯೂ ಇದ್ದರು. "ಎಲ್ರೂ ಕೇಳುಸ್ಕಳಿ. ಭಾಗ್ಯನ ಗರ್ಭ ಸುಟ್ಟಿಲ್ಲ. ಮಕ್ಕಳಾಗ್ದಂಗೆ ಆಸ್ಪತ್ರೇಲಿ ಕಾಪರ್-ಟಿ ಇಟ್ಟಿದ್ರು, ಅವಳಿಗೆ ಗೊತ್ತೇ ಇರ್ಲಿಲ್ಲ. ಹಾಕ್ಬುಡಿ ಅಂದೋಳು ನಾನೇ" ಎಂದು ಹೇಳಿದೆ. ಅತ್ತೆ ಕೊಡ ಎತ್ತಿಕೊಂಡು ಮನೆಗೆ ಹೋದರು. ಸಾತನೂರಿನ ಮಾತು ಆಮೇಲೆ ಎತ್ತಲಿಲ್ಲ.

ಭಾಗ್ಯ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಸರಿಯಾಗಿ ಕೇಳಿಸಿಕೊಳ್ಳದೆ ನಾನೊಂದು ಮಾತು ಆಡಿದ್ದಕ್ಕೆ ಅವಳ ನಾಲ್ಕು ವರ್ಷ ಹೋಯಿತು, ಅದನ್ನು ನಾನು ಎಲ್ಲಿಂದ ತಂದುಕೊಡಲಿ? ಮಗು ಇನ್ನೂ ಆಗಿಲ್ಲ. ಆಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮೊನ್ನೆ ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಬಾಗಿಲಿಗೆ ಬಂದಳು. "ನಿಮ್ ಓರಗಿತ್ತಿಗೆ ಕಬ್ಬಿಣಾಂಶದ ಗುಳಿಗೆ ಬರ್ಕೊಳ್ಲಾ ಅಕ್ಕ?" ಅಂದಳು. ಹೂಂ ಅನ್ನೋದು ನಾಲಿಗೆ ತುದಿವರೆಗೂ ಬಂದಿತ್ತು. ನುಂಗಿಕೊಂಡು ಒಳಗೆ ತಿರುಗಿ ಕೂಗಿದೆ: "ಭಾಗ್ಯಾ, ನಿನ್ನ ಕೇಳ್ತಾವ್ರೆ ಬಾ."